ಸೆಕೆಂಡ್ ಹ್ಯಾಂಡ್ ಕಾರಿನ ಜಾತಕ: ಓದುವುದು ಹೇಗೆ, ನಂಬುವುದು ಎಷ್ಟು

ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಎಳೆದರು. ಇನ್ನು ಬರುವುದಿಲ್ಲ ಅನ್ನುವವರೆಗೆ ಎಳೆದರು. ಯಾರೂ ನೋಡದ ಆ ಕೊನೆಯ ಒಂದು ಗೇಣು ಬೆಲ್ಟಿನ ಬಣ್ಣವೇ ಬೇರೆ. ಚಹಾ ಚೆಲ್ಲಿ ಒಣಗಿದ ಹಾಗೆ ಕಂದು ಕಲೆ. ಆಮೇಲೆ ಡಿಕ್ಕಿ ತೆಗೆದು, ಸ್ಟೆಪ್ನಿ ಎತ್ತಿ, ಅದರ ಅಡಿಯ ಗುಂಡಿಗೆ ಬೆರಳು ಹಾಕಿದರು. ಬೆರಳಿಗೆ ನಯವಾದ ಕೆಂಪು ಮಣ್ಣು ಅಂಟಿತ್ತು. "ನೀರು ಕುಡಿದ ಗಾಡಿ ಮಾರಾಯ್ರೆ ಇದು. ಬಿಟ್ಟುಬಿಡಿ," ಅಂದರು.

ಆಗ ನನ್ನ ಮೊಬೈಲಿನಲ್ಲಿ ಅದೇ ಕಾರಿನ ಹಿಸ್ಟರಿ ರಿಪೋರ್ಟ್ ತೆರೆದಿತ್ತು. ದುಡ್ಡು ಕೊಟ್ಟು ತರಿಸಿದ್ದು. ಒಬ್ಬರೇ ಓನರ್. ಸಾಲ ಇಲ್ಲ. ಕ್ಲೇಮ್ ಇಲ್ಲ. ಕೇಸ್ ಇಲ್ಲ. ಎಲ್ಲದರ ಮುಂದೆ ಹಸಿರು ಟಿಕ್.

ರಿಪೋರ್ಟ್ ಸುಳ್ಳು ಹೇಳಿರಲಿಲ್ಲ. ಒತ್ತಿ ಕೇಳಿದ ಮೇಲೆ ಮಾರುವವರೇ ಒಪ್ಪಿಕೊಂಡರು. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದಿತ್ತಲ್ಲ, ಆ ದಿನ ಕಾರು ಅಂಗಳದಲ್ಲೇ ನಿಂತಿತ್ತಂತೆ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ಹಾಗಾಗಿ ಕ್ಲೇಮ್ ಮಾಡುವ ಮಾತೇ ಇಲ್ಲ. ಹತ್ತಿರದ ಗ್ಯಾರೇಜಿನಲ್ಲಿ ಒಣಗಿಸಿ, ಮ್ಯಾಟ್ ಬದಲಿಸಿ, ಮರುವರ್ಷ ಮಾರಾಟಕ್ಕೆ ಇಟ್ಟಿದ್ದರು. ಯಾವ ಕೌಂಟರಿಗೂ ಹೋಗಿಲ್ಲ, ಯಾರೂ ಒಂದು ಗೆರೆ ಬರೆದಿಲ್ಲ. ಬರೆಯದೇ ಇದ್ದದ್ದು ರಿಪೋರ್ಟಿಗೆ ಬರುವುದಾದರೂ ಹೇಗೆ?

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ರಿಪೋರ್ಟ್ ನೋಡಿ ಕಾರು ಬೇಡ ಅನ್ನುತ್ತೇನೆ. ರಿಪೋರ್ಟ್ ನೋಡಿ ಬೇಕು ಅನ್ನುವುದಿಲ್ಲ. ಮಂಗಳೂರು, ಉಡುಪಿ ಕಡೆ ಹಳೆ ಕಾರು ಹುಡುಕುವವರಿಗೆ ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಈ ರಿಪೋರ್ಟ್ ಅಂದರೆ ಎಂತ?

ಅಮೆರಿಕದಲ್ಲಿದ್ದು ಬಂದವರು ಯಾರಾದರೂ ಮನೆಯಲ್ಲಿದ್ದರೆ "ಕಾರ್‌ಫ್ಯಾಕ್ಸ್ ತೆಗೆದು ನೋಡಿ" ಅನ್ನುತ್ತಾರೆ. ಅದು 1984ರಲ್ಲಿ ಅಲ್ಲಿನ ಮಿಸೌರಿ ರಾಜ್ಯದಲ್ಲಿ ಶುರುವಾದ ಕಂಪನಿ. ಕಾರಿನ 17 ಅಕ್ಷರದ ನಂಬರ್ ಕೊಟ್ಟರೆ ಅದರ ಹಿಂದಿನ ಕಥೆ ಕೊಡುತ್ತದೆ. ಅಲ್ಲಿ ಅದಕ್ಕೆ ಕಾನೂನಿನ ಬಲವೂ ಇದೆ. ಟೋಟಲ್ ಲಾಸ್ ಆದ, ಅಂದರೆ ರಿಪೇರಿ ಮಾಡಿಸಿ ಪ್ರಯೋಜನ ಇಲ್ಲ ಅನ್ನುವಷ್ಟು ಹಾಳಾದ ಕಾರುಗಳ ವಿವರವನ್ನು ಇನ್ಶೂರೆನ್ಸ್ ಕಂಪನಿಗಳು, ಗುಜರಿ ಯಾರ್ಡ್‌ಗಳು ಸರ್ಕಾರದ ದಾಖಲೆಗೆ ಕಳಿಸಲೇಬೇಕು. ಅಂಥ ಕಾರಿನ ಕಾಗದದ ಮೇಲೇ ಮುದ್ರೆ ಬೀಳುತ್ತದೆ. ಅಷ್ಟಿದ್ದರೂ, ಎಲ್ಲ ಕಾರಿನ ಪೂರ್ತಿ ಇತಿಹಾಸ ನಮ್ಮ ಹತ್ತಿರ ಇಲ್ಲ ಎಂದು ಕಾರ್‌ಫ್ಯಾಕ್ಸ್‌ನವರೇ ಹೇಳುತ್ತಾರೆ.

ನಮ್ಮಲ್ಲಿ ಆರ್‌ಸಿ ಮೇಲೆ ಅಂಥ ಮುದ್ರೆಯೇ ಇಲ್ಲ. ಇಲ್ಲಿ ಇರುವುದು ಮೂರು ಬೇರೆ ಬೇರೆ ಡಬ್ಬಿ. ಒಂದು ಆರ್‌ಟಿಒದ ವಾಹನ್ ದಾಖಲೆ. ಎರಡನೆಯದು ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ದಾಖಲೆ. ಮೂರನೆಯದು ಶೋರೂಂನ ಸರ್ವಿಸ್ ದಾಖಲೆ. ಒಂದಕ್ಕೊಂದು ಮಾತಾಡುವುದು ಕಡಿಮೆ. ದುಡ್ಡಿಗೆ ರಿಪೋರ್ಟ್ ಕೊಡುವವರು ಈ ಡಬ್ಬಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಒಟ್ಟು ಮಾಡಿ, ಚಂದದ ಹಾಳೆಯಲ್ಲಿ ಕೊಡುತ್ತಾರೆ. ಹಾಗಾಗಿ ಅದರಲ್ಲಿ ಯಾವ ಡಬ್ಬಿಯ ಮಾಹಿತಿ ಇದೆ ಅಂತ ಮೊದಲು ನೋಡಿ. ಎಷ್ಟೋ ರಿಪೋರ್ಟ್‌ಗಳಲ್ಲಿ ಆರ್‌ಟಿಒ ಡಬ್ಬಿಯದ್ದು ಮಾತ್ರ ಇರುತ್ತದೆ. ಅದು ಸರ್ಕಾರದ ಆ್ಯಪ್‌ನಲ್ಲಿ ಪುಕ್ಕಟೆ ಸಿಗುವಂಥದ್ದು.

ಹೆಜ್ಜೆ 1: ಮನೆಯಲ್ಲೇ ಕೂತು, ದುಡ್ಡಿಲ್ಲದೆ

ಎಂಪರಿವಾಹನ್ ಆ್ಯಪ್ ಹಾಕಿಕೊಂಡು ಕಾರಿನ ನಂಬರ್ ಕೊಡಿ. ಓನರ್ ಹೆಸರು ಅರ್ಧಂಬರ್ಧ ನಕ್ಷತ್ರ ಚಿಹ್ನೆಯಲ್ಲಿ ಬರುತ್ತದೆ. ಪರವಾಗಿಲ್ಲ, ಮೊದಲಕ್ಷರ ಹೊಂದುತ್ತದಾ ನೋಡಿದರೆ ಸಾಕು. ರಿಜಿಸ್ಟ್ರೇಷನ್ ತಾರೀಕು, ಇಂಧನ, ವಾಹನದ ಕ್ಲಾಸ್, ಇನ್ಶೂರೆನ್ಸ್ ಎಲ್ಲಿವರೆಗೆ ಇದೆ, ಹೊಗೆ ತಪಾಸಣೆ ಸರ್ಟಿಫಿಕೇಟ್ ಇದೆಯಾ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದೆಯಾ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ, ಇಷ್ಟು ನೋಡಿಕೊಳ್ಳಿ.

ಆಮೇಲೆ ಸರ್ಕಾರದ ಇ-ಚಲನ್ ವೆಬ್‌ಸೈಟಿನಲ್ಲಿ ದಂಡ ಬಾಕಿ ಇದೆಯಾ ನೋಡಿ. ಕಾರು ಬೆಂಗಳೂರಿನಲ್ಲಿ ಓಡಿದ್ದರೆ ಅಲ್ಲಿನ ಟ್ರಾಫಿಕ್ ಪೊಲೀಸರ ಸೈಟನ್ನೂ ಬೇರೆಯಾಗಿ ನೋಡಬೇಕು. ಕದ್ದ ವಾಹನವಾ ಅಂತ ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 'ವಾಹನ್ ಸಮನ್ವಯ್' ಇದೆ. ಅದೂ ಪುಕ್ಕಟೆ.

ಈ ಹೆಜ್ಜೆಗೆ ಹತ್ತು ನಿಮಿಷ ಸಾಕು. ಹಾಗಂತ ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಜಾಹೀರಾತಿನಲ್ಲಿ 2019 ಮಾಡೆಲ್, ಆ್ಯಪ್‌ನಲ್ಲಿ 2017ರ ರಿಜಿಸ್ಟ್ರೇಷನ್ ಬಂದರೆ ಅಲ್ಲಿಗೆ ಮುಗಿಯಿತು. ನೋಡಲು ಹೋಗುವ ಪೆಟ್ರೋಲ್ ಉಳಿಯಿತು.

ಒಂದು ಮಾತು. ನಂಬರ್ ಪ್ಲೇಟ್ ನೋಡಿ ಕಾರಿನ ಊರು ಹೇಳುವುದಕ್ಕೆ ಹೋಗಬೇಡಿ. ಕೆಎ 19 ಮಂಗಳೂರು, ಕೆಎ 20 ಉಡುಪಿ, ಕೆಎ 21 ಪುತ್ತೂರು, ಸರಿ. ಆದರೆ ಅದು ಕಾರು ಹುಟ್ಟಿದ ಊರು ಮಾತ್ರ. ಬೆಳೆದದ್ದು ಎಲ್ಲೋ. ಅಪ್ಪನ ಹೆಸರಿನಲ್ಲಿ ಇಲ್ಲಿ ರಿಜಿಸ್ಟರ್ ಮಾಡಿಸಿ, ಮಗ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಐದು ವರ್ಷ ಕ್ಲಚ್ ತುಳಿದ ಕಾರುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಹೆಜ್ಜೆ 2: ಆರ್‌ಸಿ ಕೈಯಲ್ಲಿ ಹಿಡಿದು ಕಾರಿನ ಪಕ್ಕ ನಿಲ್ಲಿ

ವಾಟ್ಸಾಪ್‌ನಲ್ಲಿ ಬಂದ ಫೋಟೊ ಸಾಲದು. ಅಸಲು ಕಾರ್ಡ್ ಕೇಳಿ. ಅದರಲ್ಲಿ ಓನರ್ ಸೀರಿಯಲ್ ನಂಬರ್ ಇರುತ್ತದೆ. 'ಸಿಂಗಲ್ ಓನರ್' ಅಂದವರ ಕಾರ್ಡ್‌ನಲ್ಲಿ 2 ಅಂತ ಇದ್ದರೆ, ಮುಂದಿನ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ.

ಕಾರಿನ ಮೇಲೆ ಕೊರೆದ ಚಾಸಿ ನಂಬರನ್ನು ಕಾರ್ಡಿನ ಜೊತೆ ಅಕ್ಷರ ಅಕ್ಷರ ಹೊಂದಿಸಿ. 17 ಅಕ್ಷರ. ಮಾರುತಿಯದ್ದು ಸಾಮಾನ್ಯವಾಗಿ ಎಂಎ3 ಅಥವಾ ಎಂಬಿಎಚ್ ಅಂತ ಶುರುವಾಗುತ್ತದೆ, ಹ್ಯುಂಡೈಯದ್ದು ಎಂಎಎಲ್, ಟಾಟಾದ್ದು ಎಂಎಟಿ. ಅಕ್ಷರಗಳ ಸುತ್ತ ಉಜ್ಜಿದ ಗುರುತು, ಅಥವಾ ಆ ಜಾಗಕ್ಕೆ ಮಾತ್ರ ಹೊಸ ಪೇಂಟ್ ಕಂಡರೆ ಹಾಗೆಯೇ ತಿರುಗಿ ಬನ್ನಿ. ಕಾರಣ ಕೇಳುತ್ತಾ ನಿಲ್ಲಬೇಡಿ.

ಬಣ್ಣ, ಇಂಧನ ಕಾರ್ಡಿನಲ್ಲಿ ಇದ್ದ ಹಾಗೆ ಕಾರಿನಲ್ಲೂ ಇರಬೇಕು. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸದೇ ಇದ್ದರೆ, ನಾಳೆ ಕ್ಲೇಮ್ ಮಾಡುವಾಗ ಪಾಡು ಪಡುವವರು ನೀವು.

ಹೆಜ್ಜೆ 3: ಸಾಲ ಮತ್ತು ಕೇಸು

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ "ಸಾಲ ಎಲ್ಲ ಕಟ್ಟಿ ಆಗಿದೆ" ಅನ್ನುವ ಮಾತಿಗೆ ಬೆಲೆ ಇಲ್ಲ. ಬ್ಯಾಂಕಿನ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ, ಸಹಿ ಆದ ಫಾರಂ 35 ಬೇಕು. ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಆಯುಸ್ಸು. ಮೂರು ವರ್ಷದ ಹಿಂದಿನ ಕಾಗದ ತೋರಿಸಿದರೆ ಹೊಸದು ತರಿಸಲು ಹೇಳಿ. ಬ್ಯಾಂಕಿನ ಹೆಸರು ತೆಗೆಸುವ ಕೆಲಸವನ್ನು ಮಾರುವವರೇ ಮಾಡಿಸಿ ಕೊಟ್ಟರೆ ಒಳ್ಳೆಯದು. ಆಮೇಲೆ ಅವರು ಫೋನ್ ಎತ್ತುತ್ತಾರೋ ಇಲ್ಲವೋ, ಅಲ್ವಾ?

ಕೇಸಿನ ವಿಷಯ ರಿಪೋರ್ಟಿನಲ್ಲಿ ಸರಿಯಾಗಿ ಬರುವುದಿಲ್ಲ. ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾಗಿ ಪೊಲೀಸರು ಕಾರನ್ನು ಹಿಡಿದಿದ್ದರೆ, ಕೋರ್ಟ್ ಅದನ್ನು ಬಾಂಡ್ ಮೇಲೆ ಓನರ್‌ಗೆ ಬಿಟ್ಟುಕೊಡುತ್ತದೆ. ಕೇಸ್ ಮುಗಿಯುವ ತನಕ ಮಾರಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಾರು ಮನೆಯ ಮುಂದೆ ಚಂದವಾಗಿ ನಿಂತಿರುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೇರವಾಗಿ ಕೇಳಿ. 'ಈ ವಾಹನದ ಮೇಲೆ ಯಾವ ಕೇಸೂ ಇಲ್ಲ, ಈ ತಾರೀಕಿನ ತನಕದ ಜವಾಬ್ದಾರಿ ನನ್ನದು' ಎಂದು ಮಾರಾಟದ ಕರಾರಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ.

ಹೆಜ್ಜೆ 4: ಪಾಲಿಸಿಯ ಒಂದು ಸಣ್ಣ ಸಾಲು

ಇನ್ಶೂರೆನ್ಸ್ ಕಾಗದ ನೋಡುವವರು ತಾರೀಕು ಮಾತ್ರ ನೋಡುತ್ತಾರೆ. ನೀವು ಎನ್‌ಸಿಬಿ ಅನ್ನುವ ಸಾಲು ನೋಡಿ. ಕ್ಲೇಮ್ ಮಾಡದವರಿಗೆ ಕಂಪನಿ ಕೊಡುವ ರಿಯಾಯಿತಿ ಅದು. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20 ಶೇಕಡ. ಆಮೇಲೆ ವರ್ಷಕ್ಕೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ.

ಈಗ ಲೆಕ್ಕ ಹಾಕಿ. ಆರು ವರ್ಷದ ಕಾರು, ಪಾಲಿಸಿಯಲ್ಲಿ 20 ಶೇಕಡ. ಅಂದರೆ ಎರಡು ವರ್ಷದೊಳಗೆ ಏನೋ ಆಗಿದೆ ಅನ್ನುವ ಅನುಮಾನಕ್ಕೆ ಜಾಗ ಇದೆ. ಬಂಪರ್ ಇರಬಹುದು, ಚಾಸಿಯೇ ಬಗ್ಗಿರಬಹುದು, ಪಾಲಿಸಿ ರಿನ್ಯೂ ಮಾಡಲು ತಡವಾಗಿ ರಿಯಾಯಿತಿ ಹೋಗಿರಲೂಬಹುದು. "ಏನಾಗಿತ್ತು?" ಅಂತ ಕೇಳಲು ನಿಮಗೆ ಒಂದು ದಾರ ಸಿಕ್ಕಿತು. ಹಿಂದಿನ ಎರಡು ಮೂರು ವರ್ಷದ ಪಾಲಿಸಿಯನ್ನೂ ಕೇಳಿ. ಓನರ್ ಮನಸ್ಸು ಮಾಡಿದರೆ ಕಂಪನಿಗೆ ಒಂದು ಇಮೇಲ್ ಹಾಕಿ ಕ್ಲೇಮ್ ವಿವರ ತರಿಸಬಹುದು. ನೀವು ಕೇಳಿದರೆ ಕೊಡುವುದಿಲ್ಲ.

ಆದರೆ ಇಲ್ಲೇ ಒಂದು ತಿರುವು ಇದೆ. ರಿಯಾಯಿತಿ ಉಳಿಸಿಕೊಳ್ಳಲು ಜನ ಸಣ್ಣಪುಟ್ಟ ಪೆಟ್ಟಿಗೆ ಕ್ಲೇಮ್ ಮಾಡುವುದೇ ಇಲ್ಲ. ಟಿಂಕರಿಂಗ್ ಅಂಗಡಿಗೆ ಹೋಗಿ ಕೈಯಿಂದ ಕೊಟ್ಟು ಮುಗಿಸುತ್ತಾರೆ. ಹಾಗಾಗಿ 50 ಶೇಕಡ ಇದ್ದರೆ 'ಪೆಟ್ಟಾಗಿಲ್ಲ' ಅಂತ ಓದಬಾರದು, 'ಕ್ಲೇಮ್ ಆಗಿಲ್ಲ' ಅಂತ ಓದಬೇಕು. ಇನ್ನು ಥರ್ಡ್ ಪಾರ್ಟಿ ಮಾತ್ರ ಇದ್ದ ಕಾರಿನ ಸಂಗತಿ ಮೇಲೆ ನೋಡಿದಿರಲ್ಲ.

ಹೆಜ್ಜೆ 5: ಸರ್ವಿಸ್ ದಾಖಲೆ. ಇದಕ್ಕೆ ಒಂದು ಸಂಜೆ ಇಡಿ

ನನ್ನ ಪ್ರಕಾರ ಮೂರು ಡಬ್ಬಿಗಳಲ್ಲಿ ಹೆಚ್ಚು ಮಾತಾಡುವುದು ಇದು. ಓನರ್ ಜೊತೆಗಿದ್ದರೆ ಕಂಪನಿಯ ಆ್ಯಪ್‌ನಲ್ಲಿ ತೆರೆದು ತೋರಿಸಬಹುದು. ಇಲ್ಲವಾದರೆ ಇಬ್ಬರೂ ಒಟ್ಟಿಗೆ ಸರ್ವಿಸ್ ಸೆಂಟರಿಗೆ ಹೋಗಿ ಪ್ರಿಂಟ್ ಕೇಳಿ. ಪ್ರತಿ ಸಲ ಗಾಡಿ ಒಳಗೆ ಹೋದಾಗ ತಾರೀಕು, ಕಿಲೋಮೀಟರ್, ಯಾವ ಊರಿನ ಸೆಂಟರ್, ಏನು ಕೆಲಸ ಅಂತ ಬರೆದಿರುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. 2019 ಜೂನ್, 9,800 ಕಿ.ಮೀ. 2020 ಸೆಪ್ಟೆಂಬರ್, 18,200. 2021 ಅಕ್ಟೋಬರ್, 31,400. 2022 ನವೆಂಬರ್, 43,900. ಅಲ್ಲಿಂದ ಮುಂದೆ ಖಾಲಿ. 2025ರಲ್ಲಿ ಮಾರಾಟಕ್ಕೆ ಬಂದಾಗ ಮೀಟರ್ 47,000 ತೋರಿಸುತ್ತಿದೆ.

ವರ್ಷಕ್ಕೆ ಹನ್ನೆರಡು ಸಾವಿರ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಮೂರು ವರ್ಷದಲ್ಲಿ ಮೂರು ಸಾವಿರ ಓಡಿದೆ. ಮೀಟರ್ ಇಳಿಸಿರಬಹುದು. ಅಥವಾ ಓನರ್ ದುಬೈಗೆ ಹೋಗಿ ಕಾರು ಶೆಡ್ಡಿನಲ್ಲಿ ನಿಂತಿರಬಹುದು. ನಮ್ಮ ಊರಿನಲ್ಲಿ ಎರಡೂ ಆಗುವಂಥದ್ದೇ. ರಿಪೋರ್ಟಿಗೆ ಈ ಎರಡರ ವ್ಯತ್ಯಾಸ ಗೊತ್ತಿಲ್ಲ. ಅದು ಮೀಟರ್ ತೋರಿಸಿದ್ದನ್ನು ಬರೆದುಕೊಂಡಿದೆ, ಅಷ್ಟೆ. ಸರ್ವಿಸಿಗೆ ಹೋಗುವ ಮೊದಲೇ ಮೀಟರ್ ಇಳಿಸುವ ಬುದ್ಧಿವಂತರ ಕಾರಿನಲ್ಲಿ ಲೆಕ್ಕ ಅಚ್ಚುಕಟ್ಟಾಗಿಯೇ ಇರುತ್ತದೆ.

ಹಾಗಾಗಿ ಆ ಖಾಲಿ ಜಾಗವನ್ನು ಕಾರಿನ ಜೊತೆ ಹೊಂದಿಸಿ ನೋಡಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. 47,000ಕ್ಕೆ ಒಂದು ಸೆಟ್ ಟಯರ್ ಬದಲಾಗಿದ್ದರೆ ಸರಿ, ಮೂರನೇ ಸೆಟ್ ಓಡುತ್ತಿದ್ದರೆ ಪ್ರಶ್ನೆ ಕೇಳಿ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದೆಯಾ? ಸ್ಟೇರಿಂಗ್ ಮೇಲೆ ಬೆರಳು ಇಡುವ ಜಾಗ ಹೊಳೆಯುತ್ತದೆಯಾ? ಪೆಡಲಿಗೆ ಮಾತ್ರ ಹೊಸ ರಬ್ಬರ್ ಹಾಕಿ ಉಳಿದದ್ದೆಲ್ಲ ಹಳತಾಗಿದ್ದರೆ ಅದೂ ಒಂದು ಮಾತೇ.

ಊರಿನ ಕಾಲಂ ಓದುವವರು ಕಡಿಮೆ. ನಾನು ಅದನ್ನೇ ಮೊದಲು ಓದುತ್ತೇನೆ. ಮೊದಲ ಮೂರು ಸರ್ವಿಸ್ ಬೆಂಗಳೂರು, ಆಮೇಲೆ ಮಂಗಳೂರು ಅಂದರೆ ಕ್ಲಚ್ ಸವೆದಿರಬಹುದು, ತುಕ್ಕು ಕಡಿಮೆ ಇರಬಹುದು. ಶುರುವಿನಿಂದ ಸುರತ್ಕಲ್ ಅಥವಾ ಮಲ್ಪೆ ಕಡೆಯೇ ಇದ್ದರೆ ಉಲ್ಟಾ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲೋ, 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲೋ ಇದ್ದ ಕಾರಾದರೆ ನೆರೆ ನೆನಪಿರಲಿ. ನಮ್ಮಲ್ಲೇ 2018ರ ಮೇ 29ರಂದು ಮಂಗಳೂರಿನ ಎಷ್ಟು ಕಾರು ಮುಳುಗಿತ್ತು ಅಂತ ಕೊಟ್ಟಾರ ಚೌಕಿ ಕಡೆಯವರನ್ನು ಕೇಳಿ. ಆ ತಾರೀಕುಗಳ ಆಸುಪಾಸಿನಲ್ಲಿ ಸೀಟ್, ಕಾರ್ಪೆಟ್, ವೈರಿಂಗ್ ಅಥವಾ ಸ್ಟಾರ್ಟರ್ ಕೆಲಸ ಬರೆದಿದ್ದರೆ ಹಾಳೆ ಮಡಚಿ ಇಡಬಹುದು.

ವಾರಂಟಿ ಮುಗಿದ ಮೇಲೆ ದಾಖಲೆ ನಿಂತರೆ ಅದೇ ಒಂದು ತಪ್ಪಲ್ಲ. ಶೋರೂಂ ಬಿಲ್ ನೋಡಿ ತಲೆ ತಿರುಗಿ, ಪರಿಚಯದ ಗ್ಯಾರೇಜಿಗೆ ಹೋದವರಲ್ಲಿ ನಾನೂ ಒಬ್ಬ. ಆಗ ಆ ಗ್ಯಾರೇಜಿನ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಗ್ಯಾರೇಜಿನವರ ಫೋನ್ ನಂಬರ್ ಕೇಳಿ. ಕೊಡುತ್ತಾರೋ, ತಲೆ ಕೆರೆಯುತ್ತಾರೋ ನೋಡಿ.

ಹೆಜ್ಜೆ 6: ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್

ಇದನ್ನು ಯಾವ ರಿಪೋರ್ಟೂ ಕೊಡುವುದಿಲ್ಲ. ಓನರ್ ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಸಿಗುತ್ತದೆ. "ಬರೀ ಪೇಟೆಗೆ, ದೇವಸ್ಥಾನಕ್ಕೆ ಓಡಿಸಿದ್ದು" ಅನ್ನುವವರ ಸ್ಟೇಟ್‌ಮೆಂಟಿನಲ್ಲಿ ಹೆಜಮಾಡಿ, ಸಾಸ್ತಾನ ಟೋಲ್ ದಿನಾ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದರೆ ಕಿಲೋಮೀಟರ್ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು. ತಲಪಾಡಿ ದಾಟಿ ವಾರಕ್ಕೆ ನಾಲ್ಕು ಸಲ ಹೋಗಿದ್ದರೆ ಬಾಡಿಗೆಗೆ ಓಡಿದೆಯಾ ಅಂತ ಕೇಳಿ. ಮಣಿಪಾಲ ಕಡೆಯ ಕಾರಾದರೆ ವಿದ್ಯಾರ್ಥಿಗಳಿಗೆ ದಿನಬಾಡಿಗೆಗೆ ಕೊಟ್ಟದ್ದಾ ಅಂತಲೂ ಕೇಳಬೇಕು. ಬಿಳಿ ಪ್ಲೇಟಿನಲ್ಲೇ ಸುಮ್ನೆ ಕೊಟ್ಟಿದ್ದರೆ ಆರ್‌ಸಿಯಲ್ಲಿ ಏನೂ ಕಾಣುವುದಿಲ್ಲ.

ಸ್ಟೇಟ್‌ಮೆಂಟ್ ತೋರಿಸಲೇಬೇಕು ಅಂತ ಯಾರಿಗೂ ಕಡ್ಡಾಯ ಮಾಡಲು ಆಗದು. ಕೇಳುವುದರಲ್ಲಿ ತಪ್ಪಿಲ್ಲ.

ಹೆಜ್ಜೆ 7: ಈಗ ಮೊಬೈಲ್ ಕಿಸೆಗೆ ಹಾಕಿ, ಕಾರನ್ನು ಗ್ಯಾರೇಜಿಗೆ ಹಾಕಿ

ನಿಮ್ಮ ಮೆಕ್ಯಾನಿಕ್. ಅವರ ಮೆಕ್ಯಾನಿಕ್ ಅಲ್ಲ. ಬ್ರೋಕರ್ ಪರಿಚಯದ ಮೆಕ್ಯಾನಿಕ್ ಅಂತೂ ಅಲ್ಲವೇ ಅಲ್ಲ. ಸಾಧ್ಯವಾದರೆ ಕಾರನ್ನು ಮೇಲೆತ್ತುವ ಲಿಫ್ಟ್ ಇರುವ ಕಡೆ ಹೋಗಿ. ನಮ್ಮ ಕರಾವಳಿಯಲ್ಲಿ ಕಾರಿನ ಆಯುಸ್ಸು ಬರೆದಿರುವುದು ಕೆಳಗಡೆ.

ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಉಳಿದ ದಿನ ಉಪ್ಪು ಗಾಳಿ. ಉಳ್ಳಾಲ, ತಣ್ಣೀರುಬಾವಿ, ಕಾಪು, ಮಲ್ಪೆ ಕಡೆ ಹೊರಗೆ ನಿಲ್ಲಿಸುವ ಕಾರಿಗೆ ತುಕ್ಕು ಒಳಗಿಂದ ತಿನ್ನುತ್ತದೆ. ಯಾವ ದೇಶದ ಯಾವ ರಿಪೋರ್ಟಿನಲ್ಲೂ ತುಕ್ಕಿಗೆ ಕಾಲಂ ಇರುವುದನ್ನು ನಾನು ನೋಡಿಲ್ಲ. ಬಾಗಿಲಿನ ಕೆಳ ಅಂಚು, ಡಿಕ್ಕಿಯ ಅಂಚು, ಸೈಲೆನ್ಸರ್, ಬ್ರೇಕ್ ಪೈಪ್, ಮುಂದಿನ ಸಸ್ಪೆನ್ಷನ್ ಕೂರುವ ಜಾಗ, ಇವನ್ನು ಟಾರ್ಚ್ ಹಾಕಿ ನೋಡಿ. ಅಡಿಯಲ್ಲಿ ಕಪ್ಪು ಕೋಟಿಂಗ್ ಫಳಫಳ ಹೊಸದಾಗಿದ್ದರೆ ಖುಷಿಪಡಬೇಡಿ. ಮಾರುವ ವಾರದಲ್ಲಿ ಹೊಡೆಸಿದ ಕೋಟಿಂಗ್ ತುಕ್ಕಿನ ಮೇಲೆ ಹೊದಿಸಿದ ಕಂಬಳಿ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ಕುಟ್ಟಿ ನೋಡಲಿ. ಗಟ್ಟಿ ತಗಡಿನ ಸದ್ದೇ ಬೇರೆ, ತಿಂದ ತಗಡಿನ ಸದ್ದೇ ಬೇರೆ.

ನೀರು ಕುಡಿದ ಕಾರಿಗೆ ಸೀಟ್ ಬೆಲ್ಟ್ ಮತ್ತು ಸ್ಟೆಪ್ನಿ ಗುಂಡಿ ಆಯಿತು. ಸೀಟು ಜಾರುವ ಹಳಿ ನೋಡಿ, ಅಲ್ಲಿ ತುಕ್ಕಿದ್ದರೆ ಕಾಲಿನ ಮಟ್ಟಕ್ಕೆ ನೀರು ಬಂದಿದೆ. ಎಸಿಯನ್ನು ಪೂರ್ತಿ ಇಟ್ಟು, ಗಾಜು ಮುಚ್ಚಿ ಐದು ನಿಮಿಷ ಕೂತುಕೊಳ್ಳಿ. ಹಸಿ ಗೋಣಿಚೀಲದ ವಾಸನೆ ಬಂದರೆ ಡ್ಯಾಶ್‌ಬೋರ್ಡಿನ ಮೇಲೆ ತೂಗಾಡುವ ಸೆಂಟ್ ಡಬ್ಬಿ ಯಾಕೆ ಅಂತ ಗೊತ್ತಾಗುತ್ತದೆ.

ಪೆಟ್ಟಾದ ಕಾರು ಹಿಡಿಯಲು ಗಾಜು ನೋಡಿ. ಎಲ್ಲ ಗಾಜಿನ ಮೂಲೆಯಲ್ಲಿ ಕಂಪನಿಯ ಗುರುತು, ತಯಾರಿಯ ಸಂಕೇತ ಇರುತ್ತದೆ. ಒಂದು ಮಾತ್ರ ಬೇರೆ ಇದ್ದರೆ ಅದು ಒಡೆದು ಬದಲಾದದ್ದು. ಬಾನೆಟ್ ಮತ್ತು ಫೆಂಡರ್ ಬೋಲ್ಟಿನ ತಲೆಯಲ್ಲಿ ಪೇಂಟ್ ಕಿತ್ತು ಸ್ಪ್ಯಾನರ್ ಗುರುತು ಇದ್ದರೆ ಬಿಚ್ಚಿ ಹಾಕಿದ್ದಾರೆ. ಕೆಲವು ಮೆಕ್ಯಾನಿಕ್‌ಗಳ ಬಳಿ ಸ್ಕ್ಯಾನರ್ ಇರುತ್ತದೆ. ಎರರ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ತುಂಬ ಕಾರುಗಳಲ್ಲಿ ಅದು ತೋರಿಸುತ್ತದೆ. 12 ಕಿಲೋಮೀಟರ್ ಅಂತ ಬಂದರೆ, ನೀವು ಬರುವ ಹಿಂದಿನ ದಿನ ಯಾರೋ ಏನನ್ನೋ ಅಳಿಸಿದ್ದಾರೆ.

ಓಡಿಸಿ ನೋಡುವುದನ್ನು ಸಪಾಟು ರಸ್ತೆಯಲ್ಲಿ ಮುಗಿಸಬೇಡಿ. ಉಡುಪಿಯವರಾದರೆ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರಿಸಿ. ಮಂಗಳೂರಿನವರಿಗೆ ಕದ್ರಿ ಏರು ಇದೆ. ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಇಂಜಿನ್ ಕೂಗಿ ಕಾರು ತೆವಳಿದರೆ ಕ್ಲಚ್ಚಿನ ದುಡ್ಡನ್ನು ರೇಟಿನಿಂದ ಕಳೆಯಿರಿ.

ಗಲ್ಫ್‌ನವರ ಕಾರಿನ ಬಗ್ಗೆ ಒಂದು ಮಾತು. ಕಿಲೋಮೀಟರ್ ನಿಜಕ್ಕೂ ಕಡಿಮೆ ಇರುತ್ತದೆ, ರಿಪೋರ್ಟ್ ಕನ್ನಡಿಯ ಹಾಗಿರುತ್ತದೆ. ಆದರೆ ಎರಡು ಮಳೆಗಾಲ ಶೆಡ್ಡಿನಲ್ಲಿ ನಿಂತ ಕಾರಿನ ವೈರನ್ನು ಇಲಿ ತಿಂದಿರುತ್ತದೆ. ಟಯರ್ ಕೂತಲ್ಲೇ ಚಪ್ಪಟೆಯಾಗಿರುತ್ತದೆ. ಬ್ರೇಕ್ ಹಿಡಿದುಕೊಂಡಿರುತ್ತದೆ. ನನ್ನ ಭಾವನ ಕಾರಿನಲ್ಲೇ ಬಾನೆಟ್ ತೆಗೆದರೆ ತೆಂಗಿನ ನಾರಿನ ಗೂಡು, ಅದರಲ್ಲಿ ನಾಲ್ಕು ಮರಿ. 22,000 ಕಿಲೋಮೀಟರ್ ಮಾತ್ರ ಓಡಿದ ಕಾರು! ಇಂಥ ಕಾರಿಗೆ ಇನ್ನೊಂದು ತೊಡಕು: ಓನರ್ ಊರಿನಲ್ಲಿಲ್ಲ. ಹೆಸರು ಬದಲಾವಣೆಗೆ ಅವರ ಸಹಿ ಬೇಕು, ಅವರ ಮೊಬೈಲಿಗೆ ಬರುವ ಒಟಿಪಿ ಬೇಕು. ಅವರು ರಜೆಯಲ್ಲಿ ಬಂದಾಗಲೇ ವ್ಯವಹಾರ ಮುಗಿಸುವುದು ಒಳ್ಳೆಯದು.

ಕೇರಳದ ಕಾರು ಅಗ್ಗಕ್ಕೆ ಸಿಕ್ಕಿದರೆ

ಕಾಸರಗೋಡು ಪಕ್ಕದಲ್ಲೇ ಇದೆ, ಕೆಎಲ್ 14 ಕಾರು ಅಗ್ಗವಾಗಿ ಕಾಣುತ್ತದೆ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು. ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ಹಾಗೆ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳುವುದು ಬೇರೆ ಓಡಾಟ. 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿದ ಮೇಲೂ ಅಗ್ಗ ಅನಿಸಿದರೆ ತೆಗೆದುಕೊಳ್ಳಿ.

ಹೆಜ್ಜೆ 8: ದುಡ್ಡು ಕೊಡುವ ದಿನ

ಹೆಸರು ಬದಲಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ ಆಗಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನ. ಇದನ್ನು ಮರೆತು ಕೂತರೆ ನಿಮ್ಮ ಸ್ವಂತ ಕಾರಿನ ಪೆಟ್ಟಿಗೆ ಕ್ಲೇಮ್ ಸಿಗದೇ ಹೋಗಬಹುದು. ಹಳೆ ಓನರಿನ ಎನ್‌ಸಿಬಿ ನಿಮಗೆ ಬರುವುದಿಲ್ಲ, ಅದು ಅವರ ಆಸ್ತಿ. ಆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕು.

ಡೀಲರ್ ಮೂಲಕ ತೆಗೆದುಕೊಂಡರೆ, 2023ರ ಏಪ್ರಿಲ್ 1ರಿಂದ ಹೊಸ ನಿಯಮ ಇದೆ. ಹಳೆ ವಾಹನ ಮಾರುವ ಡೀಲರ್‌ಗೆ ಆರ್‌ಟಿಒ ಕೊಟ್ಟ ಅಧಿಕಾರಪತ್ರ ಇರಬೇಕು. ಓನರ್ ಕಾರನ್ನು ಅವರ ಕೈಗೆ ಕೊಟ್ಟಾಗ ಫಾರಂ 29ಸಿ ತುಂಬಬೇಕು. ಅಲ್ಲಿಂದ ಜವಾಬ್ದಾರಿ ಡೀಲರ್‌ನದ್ದು. ಅಧಿಕಾರಪತ್ರ ಕೇಳಿದಾಗ "ಅದೆಲ್ಲ ಎಂತಕೆ ಸರ್, ನಾವು ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇವೆ" ಅಂದರೆ ಪಕ್ಕದ ಅಂಗಡಿಗೆ ಹೋಗಿ.

ಮಾರುವವರಿಗೂ ಒಂದು ಮಾತು. ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವ ತನಕ ಕಾನೂನಿಗೆ ನೀವೇ ಓನರ್ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಕೈ ಬದಲಾಗಿ ನಾಲ್ಕನೆಯವರ ಹತ್ತಿರ ಅಪಘಾತವಾದರೂ ಪರಿಹಾರದ ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಫಾಸ್ಟ್‌ಟ್ಯಾಗನ್ನೂ ಅದೇ ದಿನ ಮುಚ್ಚಿಸಿ.

ಆ ನೀರು ಕುಡಿದ ಕಾರು ಬಿಟ್ಟ ಮೇಲೆ ನಾನು ಕೊಂಡದ್ದು ಯಾವುದು ಗೊತ್ತಾ? ಕೆಎ 19 ನಂಬರಿನ, ಎರಡು ಕ್ಲೇಮ್ ಆದ ಕಾರು. ರಿಪೋರ್ಟಿನಲ್ಲಿ ಎರಡು ಕೆಂಪು ಗುರುತು. ನಾನು ಕೇಳುವ ಮೊದಲೇ ಓನರ್, ರಿಟೈರ್ ಆದ ಮೇಷ್ಟ್ರು, ಒಂದು ಪ್ಲಾಸ್ಟಿಕ್ ಫೈಲ್ ತಂದಿಟ್ಟರು. "ಎಡಗಡೆ ಮುಂದೆ ಪಂಪ್‌ವೆಲ್‌ನಲ್ಲಿ ಬಸ್ಸು ತಾಗಿಸಿದ್ದು. ಹಿಂದಿನದ್ದು ನಾನೇ ರಿವರ್ಸ್ ತೆಗೆಯುವಾಗ ನಮ್ಮ ಗೇಟಿಗೆ," ಅಂದರು. ಬಿಲ್, ಸರ್ವೆಯವರ ಫೋಟೊ ಎಲ್ಲ ಫೈಲಿನಲ್ಲಿತ್ತು. ಲಿಫ್ಟಿಗೆ ಹಾಕಿ ನೋಡಿದಾಗ ಮೆಕ್ಯಾನಿಕ್ ಹೇಳಿದ್ದೂ ಫೈಲ್ ಹೇಳಿದ್ದೂ ಒಂದೇ. ಆ ಎರಡು ಕೆಂಪು ಗುರುತಿಗೆ ಹದಿನೈದು ಸಾವಿರ ಕಡಿಮೆ ಮಾಡಿದರು. ಕಾರು ಈಗಲೂ ನನ್ನ ಹತ್ತಿರ ಇದೆ. ಜೂನ್ ಮಳೆಗೆ ಎಡಗಡೆಯ ಹೆಡ್‌ಲೈಟ್ ಒಳಗೆ ಮಾತ್ರ ಸ್ವಲ್ಪ ಹಬೆ ಕಟ್ಟುತ್ತದೆ. ಅದನ್ನೂ ಮೇಷ್ಟ್ರು ಮೊದಲೇ ಹೇಳಿದ್ದರು.